ಒತ್ತಿದ ಗಾಳಿಯಲ್ಲಿ ಕಿಡಿ

೧೨ ಫೆಬ್ರುವರಿ ೧೯೮೬, ಬುಧವಾರ

ಹುಬ್ಬಳ್ಳಿ ದವಾಖಾನೆಯಿಂದ ಇಂದು ಸವಣೂರಿಗೆ, ಮನೆಗೆ ಬಂದೆ. ಗಂಟಲಲ್ಲಿದ್ದ ಗಂಟು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ವರದಿಗೆ ಮೂರು ವಾರ. ಒಳ್ಳೆಯ ಗಂಟೋ ಕೆಟ್ಟದ್ದೋ, ಅಲ್ಲಿಯವರೆಗೆ ಡಾಕ್ಟರೂ ಹೇಳಲಾರರು. ಆರು ವಾರ ಒಂದಕ್ಷರ ಆಡಕೂಡದು. ಪಿಸುಗುಟ್ಟುವುದೂ ಇಲ್ಲ.

ಇಪ್ಪತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿದ್ದು ಈ ಗಂಟಲಿನಿಂದಲೇ. ಮೂರು ಕೋಣೆ ಆಚೆ ಗಣಿತ ಹೇಳುವ ಮಾಸ್ತರರು, "ಅಕ್ಕೋರ, ನಿಮ್ಮ ಪಾಠ ನಮ್ಮ ಹುಡುಗ್ಯಾರಿಗೂ ಬಾಯಿಪಾಠ ಆಗೇದ್ರಿ" ಎಂದು ನಗುತ್ತಿದ್ದರು. ನಾನು ಪಾಠ ಹೇಳುವಾಗ ಒಬ್ಬ ಹುಡುಗಿಯೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಧ್ವನಿ ಇಲ್ಲದ ಮಾಸ್ತರಿಣಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಜರಿ ಪುಸ್ತಕ ಬರೆಯಲು ಕೂಡ್ರಿಸಿಯಾರು. ಅದೂ ನಾನು ಉಳಿದರೆ.

ಯಲವಿಗಿ ಸ್ಟೇಷನ್ನಿನ ಡ್ಯೂಟಿ ಮುಗಿಸಿ ಇವರು ಸಂಜೆ ಒಂದು ಕಟ್ಟು ಹಳೇ ಪಾರ್ಸಲ್ ಚೀಟಿ ತಂದರು. "ಹಿಂದ ಎಲ್ಲಾ ಖಾಲಿ ಅವ ನೋಡು, ವಿಮಲಾ. ಏನ ಬೇಕೋ ಬರದು ತೋರಸು. ನನ್ನ ಬೈಯೂದಿದ್ದರೂ ಇದರಾಗ ಬರಿ." ನಗಬೇಕೆಂದೇ ಹೇಳಿದರು. ನನಗೆ ಅಳು ಬಂತು.

೧೫ ಫೆಬ್ರುವರಿ, ಶನಿವಾರ

ಹಿತ್ತಲ ಗೋಡೆಗೆ ಹತ್ತಿಯೇ ಬಂದೇಸಾಬರ ಶೆಡ್ಡು. ಲಾರಿ, ಜೀಪು, ಕಾರುಗಳ ಕರೆಂಟಿನ ಕೆಲಸ ಅವರದು: ಡೈನಮೊ, ಸ್ಟಾರ್ಟರ್, ವಾಯರಿಂಗು. ಆರು ವರ್ಷದಿಂದ ನೆರೆಯವರು. ನಾನು ಶಾಲೆಯಲ್ಲಿರುತ್ತಿದ್ದೆ, ಹಗಲಿನ ಗದ್ದಲ ಗೊತ್ತೇ ಇರಲಿಲ್ಲ. ಈಗ ಒಂದು ಬಿಳಿ ಕಾರು ಬಂದಿದೆ. ಬೆಳಗಿನಿಂದ ಅದನ್ನು ಭರ್ರನೆ ಬಿಡುವುದು, ನಿಲ್ಲಿಸುವುದು, ಹಿಂದಿನ ಏರು ಹತ್ತಿಸುವುದು, ಅದು ಫಟ್ ಫಟ್ ಎಂದು ಕೆಮ್ಮುವುದು. ಕಿವಿಗೆ ಅರಳೆ ಇಟ್ಟುಕೊಂಡರೂ ಬಿಡದು.

ಬಂದೇಸಾಬರ ಹೆಂಡತಿ ಬಾನುಬಿ ಗಂಟಲಿಗೆ ತಂಪೆಂದು ಗಂಜಿ ಕಾಸಿ ತಂದಿದ್ದಳು. ನಮ್ಮಲ್ಲಿ ಅದೆಲ್ಲ ನಡೆಯುವುದಿಲ್ಲ. ಹಾಲು ಹಾಕುವ ಶಂಕ್ರವ್ವನಿಗೆ ಕೊಟ್ಟು, ಪಾತ್ರೆ ತೊಳೆಸಿ ಮರಳಿಸಿದೆ.

೧೮ ಫೆಬ್ರುವರಿ, ಮಂಗಳವಾರ

ಪುರಸಭೆಗೆ ಅರ್ಜಿಯ ಕಚ್ಚಾ ಬರೆದೆ. "ಸದರಿ ಶೆಡ್ಡಿನ ಗದ್ದಲದಿಂದ ರೋಗಿಯಾದ ನನಗೆ ಹಗಲು ವಿಶ್ರಾಂತಿ ಇಲ್ಲದಂತಾಗಿ, ಸದರಿಯವರಿಗೆ ಪರರ ಕಷ್ಟದ ಪರಿವೆಯೇ ಇರುವುದಿಲ್ಲವಾಗಿ..." ಇನ್ನೂ ತಿದ್ದಬೇಕು.

೨೦ ಫೆಬ್ರುವರಿ, ಗುರುವಾರ

ಮಾಡಲು ಕೆಲಸವಿಲ್ಲದೆ ಆ ಕಾರಿನ ಕೆಮ್ಮನ್ನು ಎಣಿಸುತ್ತ ಕೂತೆ. ಶೆಡ್ಡಿನಲ್ಲಿ ನಿಂತಾಗ ಒಮ್ಮೆಯೂ ಕೆಮ್ಮುವುದಿಲ್ಲ. ಸಪಾಟು ರಸ್ತೆಯಲ್ಲೂ ಇಲ್ಲ. ಏರಿಗೆ ಬಂದಾಗ ಮೊದಲು ಒಂದು ಸಣ್ಣ ಸಿಳ್ಳು ಏಳುತ್ತದೆ, ಕುಕ್ಕರಿನ ಹಬೆ ಇನ್ನೇನು ಕೂಗಬೇಕು ಎನ್ನುವಾಗಿನಂಥದು. ಸಿಳ್ಳು ಮೇಲೆ ಹೋದ ಕೂಡಲೇ ಫಟ್ ಫಟ್. ಹನ್ನೊಂದು ಸಲ ಏರು ಹತ್ತಿತು, ಹನ್ನೊಂದು ಸಲವೂ ಮೊದಲು ಸಿಳ್ಳು, ಆಮೇಲೆ ಕೆಮ್ಮು.

೨೨ ಫೆಬ್ರುವರಿ, ಶನಿವಾರ

ಮಧ್ಯಾಹ್ನ ಎರಡು ತಾಸಾದರೂ ನಿಲ್ಲಿಸಿರೆಂದು ಚೀಟಿ ಬರೆದುಕೊಂಡು ಶೆಡ್ಡಿಗೇ ಹೋದೆ. ಆರು ವರ್ಷದಲ್ಲಿ ಮೊದಲ ಸಲ.

ಕಾರಿನ ಮಾಲೀಕರೂ ಇದ್ದರು. ಹಿರೇಕೆರೂರಿನ ಪರಮೇಶಪ್ಪ, ಅರಳೆಯ ಜಿನ್ನಿಂಗ್ ಮಿಲ್ಲಿನವರು. ಐವತ್ತರ ಆಸುಪಾಸಿನ ಸ್ಥೂಲಕಾಯದ ಮನುಷ್ಯನಿಗೆ ಕಾರಿನ ಓಟದ ಹುಚ್ಚು. ಏಪ್ರಿಲ್ ಕೊನೆಗೆ ಘಾಟಿನಲ್ಲಿ ಮೂರು ದಿನದ ಓಟವಿದೆಯಂತೆ. ಅದಕ್ಕಾಗಿ ಪುಣೆಯಲ್ಲಿ ಇಂಜಿನ್ನಿಗೆ ಟರ್ಬೊ ಕೂಡಿಸಿಕೊಂಡು ಬಂದಿದ್ದಾರೆ. ಹೊಗೆಯ ರಭಸಕ್ಕೇ ತಿರುಗುವ ಚಕ್ರ ಅದು. ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿಗೆ ತುಂಬುತ್ತದೆ, ಗಾಳಿ ಹೆಚ್ಚಾದಷ್ಟೂ ಶಕ್ತಿ. ಸಿಳ್ಳು ಅದರದೇ.

"ಎರಡು ಸಲ ರಿಪೇರಿ ಆತು ಅಂದ್ರಿ, ಎರಡು ಸಲ ಬಂಕಾಪುರ ಏರಿನ್ಯಾಗ ನನ್ನ ಮಾನ ಹೋತು" ಎಂದು ಪರಮೇಶಪ್ಪ ರೇಗುತ್ತಿದ್ದರು. "ಆಗೂದಿಲ್ಲಂದ್ರ ಆಗೂದಿಲ್ಲ ಅನ್ರಿ. ಬ್ಯಾರೆ ಕಡೆ ಒಯ್ಯತೇನಿ."

ಬಂದೇಸಾಬರು ಬಾನೆಟ್ ಎತ್ತಿದರು. ಪ್ಲಗ್ಗು ಬಿಚ್ಚಿ, ಕಿಡಿಗೆ ಕರೆಂಟು ಕೊಡುವ ಕಾಯಿಲ್ಲಿನ ವಾಯರಿಗೆ ಸಿಕ್ಕಿಸಿ, ಇಂಜಿನ್ನಿನ ಮೈಮೇಲಿಟ್ಟು ತಿರುಗಿಸಿ ತೋರಿಸಿದರು. ಚಟ್ ಚಟ್ ನೀಲಿ ಕಿಡಿ. "ನೋಡ್ರಿ, ಕಿಡಿ ಹೆಂಗ ಹಾರಾಕತ್ತೇತಿ. ಕಾಯಿಲ್ ಚಲೋನ ಐತ್ರಿ."

ನಾನು ತಂದ ಚೀಟಿ ಮರೆತೆ. ಒಂಬತ್ತನೇ ವರ್ಗದ ಪಾಠ ಕಣ್ಣ ಮುಂದೆ ತಪ್ಪಾಗುತ್ತಿದ್ದರೆ ಹೇಗೆ ಸುಮ್ಮನಿರಲಿ? ಬೇರೆ ಚೀಟಿ ಹರಿದು ಬರೆದೆ: "ಬಯಲು ಗಾಳಿಯಲ್ಲಿ ಹಾರಿದ ಕಿಡಿ ಒತ್ತಿದ ಗಾಳಿಯಲ್ಲಿ ಹಾರಬೇಕೆಂದಿಲ್ಲ. ಗಾಳಿ ದಟ್ಟವಾದಷ್ಟೂ ಕಿಡಿ ಜಿಗಿಯಲು ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ಲಿಗೆ ಅಷ್ಟು ಶಕ್ತಿ ಸಾಲುತ್ತಿಲ್ಲ. ಸಿಳ್ಳು ಏರಿದ ಮೇಲೇ ಕಿಡಿ ತಪ್ಪುವುದು."

ಬಂದೇಸಾಬರು ಬೆರಳಿಟ್ಟು ನಿಧಾನ ಓದಿದರು. ಎರಡು ಸಲ. ಆಮೇಲೆ ಕೇಳಿದರು, "ಯಾವ ಸಿಳ್ಳರಿ ಅಕ್ಕೋರ?"

ಪರಮೇಶಪ್ಪ ನಕ್ಕರು. ಬಂದೇಸಾಬರು ತಮಾಷೆಗೆ ಕೇಳಿದರೆಂದು ನಾನೂ ತಿಳಿದೆ.

೨೪ ಫೆಬ್ರುವರಿ, ಸೋಮವಾರ

ಬಾನುಬಿ ಬೆಳಿಗ್ಗೆಯೇ ಬಂದಳು. "ನಮ್ಮವರು ನಿಮ್ಮ ಪೆನ್ಸಿಲ್ ಕೇಳಾಕತ್ತಾರ್ರಿ ಅಕ್ಕೋರ. ಪೆನ್ಸಿಲ್ ಜೋಡಿ ನೀವೂ ಬಂದ್ರ ಚಲೋ ಅಂತ."

ಹೋದೆ. ಬಂದೇಸಾಬರು ಪೆನ್ಸಿಲ್ಲಿನ ಮೊನೆಯನ್ನು ಕಿಡಿ ಹಾರುವ ಸಂದಿನಲ್ಲಿ ಹಿಡಿದು ತೋರಿಸಿದರು. ಮೊನೆಯ ಒಂದೇ ಬದಿಗೆ ಕಿತ್ತಳೆ ಬಣ್ಣದ ಕುಚ್ಚು ಮೂಡಿತು. ಅದು ಪ್ಲಗ್ಗಿನ ಕಡೆ ಇರಬೇಕಿತ್ತು, ವಾಯರಿನ ಕಡೆ ಇತ್ತು. ಪುಣೆಯವರು ಡೈನಮೊ ತೆಗೆದು ಬೇರೆ ಯಂತ್ರ ಹಾಕುವಾಗ ಬ್ಯಾಟರಿಯ ಕನೆಕ್ಷನ್ ಅದಲುಬದಲು ಮಾಡಿದ್ದಾರೆ, ಕಾಯಿಲ್ಲಿನ ಎರಡು ವಾಯರು ಮಾತ್ರ ಮೊದಲಿದ್ದಂತೆಯೇ ಬಿಟ್ಟಿದ್ದಾರೆ. ಕಿಡಿ ಉಲ್ಟಾ ಹಾರುತ್ತಿದೆ. ಉಲ್ಟಾ ಹಾರಲು ಹೆಚ್ಚು ಶಕ್ತಿ ಬೇಕು. ಇದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ನೀವು ಶಕ್ತಿ ಸಾಲವಲ್ದು ಅಂತ ಬರದ ಮ್ಯಾಲೆ ನನಗ ಇದು ಹೊಳೀತರಿ" ಎಂದರು. ವಾಯರು ಬದಲಿಸಿ, ಪ್ಲಗ್ಗಿನ ಸಂದನ್ನು ಕೂದಲೆಳೆಯಷ್ಟು ಕಿರಿದು ಮಾಡಿದರು. ಕಾರು ಏರು ಹತ್ತಿತು. ಸಿಳ್ಳು ಬಂತು, ಕೆಮ್ಮು ಬರಲಿಲ್ಲ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ನಾಲ್ವತ್ತೊಂದು ವರ್ಷದ ಹೆಂಗಸು.

೨೫ ಫೆಬ್ರುವರಿ, ಮಂಗಳವಾರ

ಇಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿದ್ದರೆ ಇನ್ನೂ ನಾಚಿಕೆ.

ಶೆಡ್ಡಿನಲ್ಲಿ ಏನೋ ಬರೆದು ತೋರಿಸುವ ಅವಸರದಲ್ಲಿ ಕಟ್ಟಿನಿಂದ ಎರಡು ಚೀಟಿ ಒಟ್ಟಿಗೆ ಹರಿದು ಕೊಟ್ಟಿದ್ದೆ. ಕೆಳಗಿನದು ಅರ್ಜಿಯ ಕಚ್ಚಾ. ಬಂದೇಸಾಬರು ಅದನ್ನೂ ಬೆರಳಿಟ್ಟು ಓದುತ್ತಿದ್ದಾಗ ನನಗೆ ಗೊತ್ತಾಯಿತು. ಕಸಿದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ, ಪೂರಾ ಓದಿದರು. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಇಷ್ಟ ಗದ್ದಲ ಆಕ್ಕೇತೇನ್ರಿ ಅಕ್ಕೋರ?" ಎಂದರು. ಸಿಟ್ಟಿನಿಂದ ಅಲ್ಲ, ಖರೇ ಖರೇ ಕೇಳುವವರ ಹಾಗೆ. "ನನಗ ಗೊತ್ತಾಗಲಿಲ್ಲರಿ. ಎರಡು ವರ್ಷಾತು, ಸಣ್ಣ ಸಪ್ಪಳ ಯಾವೂ ಕೇಳವಲ್ದು. ಹಕ್ಕಿ ಇಲ್ಲ, ಸೈಕಲ್ ಗಂಟಿ ಇಲ್ಲ. ನೀವು ಸಿಳ್ಳು ಅಂತ ಬರದ್ರಲ್ಲ, ಆ ಸಿಳ್ಳೂ ಇಲ್ಲ. ಬಾನುಬಿ ಒಬ್ಬಾಕಿಗೆ ಗೊತ್ತೈತಿ. ಗಿರಾಕಿಗೆ ಗೊತ್ತಾದ್ರ, ಕಿವುಡಗ ಗಾಡಿ ಯಾರು ಕೊಡ್ತಾರ್ರಿ?"

ಮೂವತ್ತು ವರ್ಷ ಇಂಜಿನ್ನುಗಳ ಪಕ್ಕದಲ್ಲಿ ನಿಂತ ಕಿವಿ. ಆ ಕಾರು ಎಲ್ಲಿ ತಪ್ಪುತ್ತಿದೆ ಎಂದು ಅವರಿಗೆ ಗೊತ್ತಾಗದೇ ಇದ್ದುದು ಅದಕ್ಕೇ. ಗಿರಾಕಿ ಹೇಳಿದ್ದೂ ಅರ್ಧ ಕೇಳಿಸಿ, ಕೇಳಿಸಿದ ಹಾಗೆ ತಲೆಯಾಡಿಸಿ, ಎರಡು ಸಲ ತಪ್ಪು ರಿಪೇರಿ.

"ನಿಮ್ಮ ಚೀಟಿ ಬೇಶ್ ಅದಾವ್ರಿ" ಎಂದು ತಾವೇ ನಕ್ಕರು. "ಕೇಳಿದಂಗ ಮಾಡೂದು ತಪ್ಪತೇತಿ."

ನಾನು ಬರೆದೆ: "ಅರ್ಜಿ ಕಳಿಸಿಲ್ಲ. ಕ್ಷಮಿಸಿರಿ. ಕೇಳುವ ಕೆಲಸ ನಾನು ಮಾಡುತ್ತೇನೆ. ಯಾರಿಗೂ ಹೇಳುವುದಿಲ್ಲ." ಹೇಳಲು ನನಗೆ ಬಾಯಿಯೇ ಇಲ್ಲವಲ್ಲ ಎಂದು ಆಮೇಲೆ ಹೊಳೆದು ನಗು ಬಂತು. ಬಾನುಬಿಗೂ ಬಂತು. ಅವಳು ಕೊಟ್ಟ ಚಹಾ ಕುಡಿದು ಮನೆಗೆ ಬಂದೆ.

೧ ಮಾರ್ಚ್, ಶನಿವಾರ

ಕಾರು ಮತ್ತೆ ಕೈಕೊಟ್ಟಿತು. ಮೊದಲ ಅರ್ಧ ತಾಸು ಕುದುರೆ, ಆಮೇಲೆ ಕತ್ತೆ. ಒಂದು ತಾಸು ಬಿಟ್ಟು ನೋಡಿದರೆ ಮತ್ತೆ ಕುದುರೆ. ಪರಮೇಶಪ್ಪ ತಲೆಗೆ ಕೈಹೊತ್ತು ಕೂತರು.

ಕೆಮ್ಮು ಈ ಸಲ ಬೇರೆ. ಸಿಳ್ಳಿನ ಹಂಗಿಲ್ಲ, ಸಪಾಟಿನಲ್ಲೂ ತಪ್ಪುತ್ತದೆ, ಹೊತ್ತು ಹೋದಂತೆ ಹೆಚ್ಚುತ್ತದೆ. ಹಾಗೆಂದು ಬರೆದು ಕೊಟ್ಟೆ. ಬಂದೇಸಾಬರು ಬಾನೆಟ್ ಎತ್ತಿ ಕಾಯಿಲ್ಲಿನ ಮೇಲೆ ಕೈಯಿಟ್ಟರು, ಚಟ್ಟನೆ ತೆಗೆದರು. ಟರ್ಬೊದ ಕೆಂಪಗೆ ಕಾಯುವ ಕೊಳವೆಯ ಪಕ್ಕದಲ್ಲೇ ಕಾಯಿಲ್. ಟರ್ಬೊ ಇಲ್ಲದಾಗ ಆ ಜಾಗ ತಂಪಿತ್ತು, ಈಗದು ಒಲೆ. ತಾಮ್ರದ ತಂತಿ ಕಾದಷ್ಟೂ ಕರೆಂಟಿಗೆ ಅಡ್ಡಗಾಲು ಹಾಕುತ್ತದೆ, ಒಳಗೆ ತಂತಿಗೆ ಹಾಕಿದ ಹೊದಿಕೆಯೂ ಬಿಸಿಗೆ ಸಡಿಲಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಬಾನುಬಿಯ ಒದ್ದೆ ಟವೆಲ್ಲು ತಂದು ಕಾಯಿಲ್ಲಿಗೆ ಸುತ್ತಿದೆವು. ಹಬೆ ಎದ್ದಿತು. ಐದು ನಿಮಿಷದಲ್ಲಿ ಇಂಜಿನ್ ಒಂದೇ ಸಮ ಓಡಿತು.

"ಜ್ವರಾ ಬಂದವರ ಹಣಿಗೆ ತಣ್ಣೀರ ಅರಿವಿ ಹಾಕಿದಂಗಾತಲ್ರೀ!" ಎಂದರು ಪರಮೇಶಪ್ಪ. ಇವತ್ತು ಬೇರೆ ಕಡೆ ಒಯ್ಯುವ ಮಾತು ಬರಲಿಲ್ಲ.

೫ ಮಾರ್ಚ್, ಬುಧವಾರ

ಮೂರು ವಾರ ಆಯಿತು. ವರದಿ ಬಂದಿಲ್ಲ.

೬ ಮಾರ್ಚ್, ಗುರುವಾರ

ಬಂದಿಲ್ಲ. ಶೆಡ್ಡಿಗೂ ಹೋಗಲಿಲ್ಲ. ಬಾನುಬಿ ಬಂದು ಏನೂ ಕೇಳದೆ ಅಡಿಗೆಮನೆಯ ಹೊಸ್ತಿಲ ಹತ್ತಿರ ಕೂತು ಮೆಂತ್ಯೆ ಸೊಪ್ಪು ಸೋಸಿಕೊಟ್ಟು ಹೋದಳು.

೮ ಮಾರ್ಚ್, ಶನಿವಾರ

ಇವರು ರಜೆ ಹಾಕಿ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ವರದಿ ತಂದರು. ಓಣಿಯ ಕೊನೆಯಿಂದಲೇ ಕೈ ಮೇಲೆತ್ತಿ ಬೀಸುತ್ತ ಬಂದರು. ಅದರಲ್ಲೇ ಗೊತ್ತಾಯಿತು. ಕೆಟ್ಟ ಗಂಟಲ್ಲ.

ಹನುಮಪ್ಪನಿಗೆ ದೀಪ ಹಚ್ಚಿ ಬಂದೆವು. ದಾರಿಯಲ್ಲಿ ಇವರು ಉಳಿದ ಅರ್ಧ ಹೇಳಿದರು. "ಡಾಕ್ಟರು ಅಂದ್ರು, ದನಿ ಬರ್ತದ, ಆದ್ರ ಮೊದಲಿನ್ಹಂಗ ದೊಡ್ಡದು ಬರೂದಿಲ್ಲ. ಸಣ್ಣದಾಗಿ ಇರ್ತದ. ಎಂದೂ ಕೂಗಬಾರದು." ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ. ಸಣ್ಣದಾದರೂ ಬರುತ್ತದಲ್ಲ.

ಬಂದೇಸಾಬರು ಕಾಯಿಲ್ಲನ್ನು ಕಿತ್ತು ಮುಂದಿನ ದೀಪದ ಹಿಂದೆ, ಗಾಳಿ ಬಡಿಯುವ ಮೂಲೆಗೆ ಕೂಡಿಸಿದ್ದಾರೆ. ಹಳೆಯದು ಕಾದು ಕಾದು ಸೋತಿತ್ತು, ಹೆಚ್ಚು ಶಕ್ತಿಯ ಹೊಸದನ್ನು ಹುಬ್ಬಳ್ಳಿಯಿಂದ ತರಿಸಿದ್ದಾರೆ. ಗುರುವಾರ ಹಾನಗಲ್ಲಿನವರೆಗೆ ಓಡಿಸಿ ನೋಡುವುದು. ಪರಮೇಶಪ್ಪನವರ ಪಟ್ಟು, ಬಂದೇಸಾಬರೇ ಪಕ್ಕದಲ್ಲಿ ಕೂತು "ಕೇಳಬೇಕು".

೧೩ ಮಾರ್ಚ್, ಗುರುವಾರ

ಎಲ್ಲವನ್ನೂ ಬರೆದಿಡಬೇಕು.

ಮುಂದೆ ಪರಮೇಶಪ್ಪ, ಬಂದೇಸಾಬರು. ಹಿಂದೆ ನಾನು, ಬಾನುಬಿ. "ಅಕ್ಕೋರು ವಿಜ್ಞಾನ ಬಲ್ಲವರು, ಜೋಡಿ ಇರಲಿ" ಎಂದು ಬಂದೇಸಾಬರು ಹೇಳಿದ್ದರಿಂದ ಪರಮೇಶಪ್ಪನಿಗೆ ಅನುಮಾನ ಬರಲಿಲ್ಲ. ನಮ್ಮ ಕರಾರು ಇಷ್ಟು: ಇಂಜಿನ್ ಒಂದು ಕಿಡಿ ತಪ್ಪಿದರೆ ನಾನು ಅವರ ಸೀಟಿನ ಬೆನ್ನಿಗೆ ಒಂದು ಸಲ ಬಡಿಯುವುದು. ಬೆನ್ನಿಗೆ ಗೊತ್ತಾಗುತ್ತದೆ, ಕಿವಿ ಬೇಕಿಲ್ಲ.

ಬಂಕಾಪುರದವರೆಗೆ ಬಡಿಯುವ ಪ್ರಸಂಗ ಬರಲಿಲ್ಲ. ಬಿಸಿಲು ಏರಿತ್ತು, ಕಾರು ಹಾರುತ್ತಿತ್ತು, ಬಾನುಬಿ ಒಂದು ಕೈಯಿಂದ ಸೆರಗು, ಇನ್ನೊಂದರಿಂದ ನನ್ನ ಕೈ ಹಿಡಿದಿದ್ದಳು. ಏರು ಬಂತು. ಸಿಳ್ಳು ಎದ್ದಿತು. ನಾನು ಕಣ್ಣು ಮುಚ್ಚಿದೆ. ತುದಿ ಮುಟ್ಟುವಾಗ, ಎಷ್ಟೋ ಸಣ್ಣಗೆ, ಒಂದು ತಪ್ಪಿತು. ಅದರ ಜೊತೆಗೇ ಬೇರೊಂದು ಸಪ್ಪಳ, ಒಣ ಕಡ್ಡಿ ಮುರಿದಂತೆ: ಚಟ್. ಬಡಿದೆ. ಮತ್ತೆ ತಪ್ಪಿತು. ಬಡಿದೆ.

"ನಿಲ್ಲಸ್ರಿ" ಎಂದರು ಬಂದೇಸಾಬರು.

"ಯಾಕ್ರಿ? ಬೆಣ್ಣಿಯಂಗ ಹೊಂಟೇತಲ್ಲ!"

"ನಿಲ್ಲಸ್ರಿ ಅಂದೆ."

ಇಳಿದು ಬಾನೆಟ್ ಎತ್ತಿದರು. ನಾನು ಚೀಟಿಯಲ್ಲಿ ಬರೆದೆ: "ಕಡ್ಡಿ ಮುರಿದ ಸಪ್ಪಳ. ಎಡಕ್ಕೆ, ಮುಂದೆ." ಓದಿ, ಕಾಯಿಲ್ ದೂರ ಸರಿಸಿದ್ದಕ್ಕೆ ಹಾಕಿದ್ದ ಉದ್ದನೆಯ ಹೊಸ ವಾಯರನ್ನು ಬೆರಳಿನಿಂದ ಸವರುತ್ತ ಹೋದರು. ಕಬ್ಬಿಣದ ಪಟ್ಟಿಗೆ ತಿಕ್ಕಿ ತಿಕ್ಕಿ ಒಂದು ಕಡೆ ರಬ್ಬರು ಸವೆದಿತ್ತು. ಒತ್ತಡ ಹೆಚ್ಚಾದಾಗ ಕಿಡಿ ಪ್ಲಗ್ಗಿಗೆ ಹೋಗುವ ಕಷ್ಟ ಬಿಟ್ಟು ಅಲ್ಲೇ ಹಾರಿಬಿಡುತ್ತಿತ್ತು. ಓಟದ ದಿನ ಘಾಟಿನಲ್ಲಿ ಇದು ಪೂರಾ ಸವೆದಿದ್ದರೆ, ತಿರುವಿನ ನಡುವೆ ಇಂಜಿನ್ ಸತ್ತು ನಿಂತಿದ್ದರೆ, ಹಿಂದೆ ಬರುವ ಕಾರುಗಳ ಮುಂದೆ ಪರಮೇಶಪ್ಪನ ಗತಿ ಏನು?

ವಾಯರನ್ನು ಬೇರೆ ದಾರಿಯಿಂದ ಎಳೆದು, ಮೇಲೆ ರಬ್ಬರ್ ನಳಿಗೆ ತೊಡಿಸಿ ಕಟ್ಟಿದರು. ಪರಮೇಶಪ್ಪ ಬೆರಗಾಗಿ ನಿಂತಿದ್ದರು. "ಸ್ಟೇರಿಂಗ್ ಹಿಡದಾವ ನಾ, ನನಗ ಕೇಳಸಲಿಲ್ಲ. ನಿಮಗ ಹೆಂಗ ಕೇಳಸ್ತರಿ? ಎಂಥಾ ಕಿವಿರಿ ನಿಮ್ಮವು!"

ಹೊಗಳಿಕೆಯನ್ನು ಇಟ್ಟುಕೊಂಡು ಸುಮ್ಮನಿರಬಹುದಿತ್ತು. ನಾನಂತೂ ಹೇಳುತ್ತಿರಲಿಲ್ಲ. ಬಂದೇಸಾಬರು ಕೈ ಒರೆಸಿಕೊಂಡು ಪರಮೇಶಪ್ಪನ ಎದುರಿಗೆ ಬಂದು ನಿಂತರು.

"ನನಗೂ ಕೇಳಸಲಿಲ್ರಿ. ನನ್ನ ಕಿವಿ ಹೋಗ್ಯಾವ. ಕೇಳಿದ್ದು ಅಕ್ಕೋರು. ಮೊದಲ ಎರಡು ಸಲ ನಿಮ್ಮ ಗಾಡಿ ಕೆಟ್ಟಿದ್ದು ಅದಕ್ಕ. ನಿಮಗ ಹೇಳಬೇಕಿತ್ತು, ಅಂಜಿದೆ."

ಬಾನುಬಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಪರಮೇಶಪ್ಪ ಬಾನೆಟ್ ಮುಚ್ಚಿದರು. ಆಮೇಲೆ ಗಂಟಲೆತ್ತಿ, ಬಂದೇಸಾಬರಿಗೆ ಕೇಳುವಷ್ಟು ಜೋರಾಗಿ ಹೇಳಿದರು:

"ನಮ್ಮಪ್ಪನ ಕಿವಿ ಮಿಲ್ಲಿನ್ಯಾಗ ಹಿಂಗಾ ಹೋಗಿದ್ದೂರಿ. ನಾವು ಮಕ್ಕಳು ಅವನ ಜೋಡಿ ಮಾತಾಡೂದ ಬಿಟ್ವಿ. ಯಾರ ಒದರಬೇಕು ಅಂತ. ಸಾಯೂತನಾ ಒಬ್ಬನ ಕುಂತಾ." ಕಾರಿನ ಬಾಗಿಲು ತೆಗೆದರು. "ಗಾಡಿ ನಿಮ್ಮ ಕಡೇನ ಇರತೇತ್ರಿ. ಹತ್ರಿ, ಹಾನಗಲ್ಲಿಗೆ ಹೋಗೂಣು. ಹಸಿವಿ ಆಗೇತಿ."

ಹಾನಗಲ್ಲಿನವರೆಗೆ, ಅಲ್ಲಿಂದ ಮರಳಿ ಮನೆಯವರೆಗೆ, ನಾನು ಒಮ್ಮೆಯೂ ಬಡಿಯಲಿಲ್ಲ.

ದೇವರು ನನಗೆ ಈ ವರ್ಷ ಏನೇನು ಕೊಟ್ಟ ಎಂದು ಬರೆಯಲು ಕೂತರೆ ಇವರ ಚೀಟಿಯ ಕಟ್ಟು ಸಾಲದು.

೨೬ ಮಾರ್ಚ್, ಬುಧವಾರ

ಆರು ವಾರ ಮುಗಿಯಿತು. ದಿನಕ್ಕೆ ಐದು ನಿಮಿಷ ಮಾತಿಗೆ ಅಪ್ಪಣೆ. ಮೊದಲ ಮಾತು ದೇವರ ನಾಮ ಆಗಲೆಂದುಕೊಂಡಿದ್ದೆ. ಇವರು ಸೈಕಲ್ ನಿಲ್ಲಿಸಿ ಒಳಗೆ ಬಂದರು, ಬೆವರಿದ್ದರು, "ಊಟಾ ಆತೇನ್ರಿ?" ಎಂದುಬಿಟ್ಟೆ. ಒಣ ಎಲೆ ಸರಿದಂಥ ದನಿ. ಇವರು ಅಲ್ಲೇ ಕೂತರು.

"ಇನ್ನೊಮ್ಮೆ ಅನ್ನು" ಎಂದರು.

೭ ಮೇ, ಬುಧವಾರ

ಪರಮೇಶಪ್ಪನವರು ಪೇಢೆ ತಂದಿದ್ದರು. ನಾಲ್ವತ್ತೆರಡು ಕಾರುಗಳಲ್ಲಿ ಹದಿನೇಳನೆಯವರು. ಮೊದಲು ಬಂದವರೂ ಇಷ್ಟು ಖುಷಿಪಟ್ಟಿರಲಿಕ್ಕಿಲ್ಲ. ಮೂರು ದಿನ, ಅಷ್ಟು ಘಾಟು, ಒಂದು ಕಿಡಿ ತಪ್ಪಲಿಲ್ಲವಂತೆ. ಬಂದೇಸಾಬರಿಗೆ ಪ್ರತಿ ತಿರುವನ್ನೂ ಕೂಗಿ ಕೂಗಿ ವರ್ಣಿಸಿದರು. ಇಡೀ ಓಣಿಗೆ ಕೇಳಿತು.

ಕಳೆದ ವಾರ ಇವರೇ ಬಂದೇಸಾಬರನ್ನು ಹುಬ್ಬಳ್ಳಿಗೆ, ನನ್ನ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಿ ಬಂದರು. ಹೋದ ಕಿವಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬಹುದು ಎಂದರಂತೆ. ಈಗ ಕಿವಿಗೆ ಅರಳೆ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಗಿರಾಕಿಗಳಿಗೆ ಮೊದಲೇ ಹೇಳುತ್ತಾರೆ, "ಜೋರ ಮಾತಾಡ್ರಿ, ನನಗ ಕಮ್ಮಿ ಕೇಳತೇತಿ." ಇಬ್ಬರು ಬಿಟ್ಟುಹೋದರು. ಉಳಿದವರು ಜೋರಾಗಿ ಮಾತಾಡುತ್ತಾರೆ. ಗದ್ದಲ ಮೊದಲಿಗಿಂತ ಹೆಚ್ಚು. ನನಗೆ ಮಧ್ಯಾಹ್ನ ಒಳ್ಳೆಯ ನಿದ್ದೆ.

೨ ಜೂನ್, ಸೋಮವಾರ

ಶಾಲೆ ಶುರುವಾಯಿತು. ಹೆಡ್‌ಮಾಸ್ತರರು, "ಆಫೀಸಿನ್ಯಾಗ ಕೂಡ್ರತೀರೇನ್ರಿ ಅಕ್ಕೋರ?" ಎಂದು ಕೇಳಿದರು. ಒಂದು ತಿಂಗಳು ನೋಡೋಣ ಎಂದೆ.

ಹತ್ತನೇ ವರ್ಗ. ನಿಂತು ಎರಡು ವಾಕ್ಯ ಹೇಳಿದೆ, ಕೊನೆಯ ಸಾಲಿಗೆ ಮುಟ್ಟಲಿಲ್ಲ. ಬೆಂಚುಗಳನ್ನು ಸುತ್ತಲೂ ಎಳೆಸಿ ನಡುವೆ ಕುರ್ಚಿ ಹಾಕಿಕೊಂಡು ಕೂತೆ. ವಿದ್ಯುತ್ತಿನ ಪಾಠ. ದುಂಡಸಿಯಿಂದ ಬರುವ ಒಬ್ಬ ಹುಡುಗಿ ಅರ್ಧದಲ್ಲೇ, "ಕಿಡಿಗೆ ದಾರಿ ಹೆಂಗ ಗೊತ್ತಾಕ್ಕೇತ್ರಿ ಅಕ್ಕೋರ?" ಎಂದಳು. ಅವಳು ಮುಗಿಸುವವರೆಗೆ ಕಾದು, "ನಿನಗೇನ ಅನಸ್ತದವಾ?" ಎಂದೆ. ಅವಳು ಏನೋ ಹೇಳಿದಳು, ಇನ್ನೊಬ್ಬಳು ಅಲ್ಲವೆಂದಳು, ಮೂರನೆಯವಳು ಎದ್ದು ಕರೀಹಲಗೆಯ ಹತ್ತಿರ ಹೋದಳು. ಪಾಠ ಅರ್ಧವೂ ಆಗಲಿಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಒಂದು ತಾಸಿನಲ್ಲಿ ಹನ್ನೆರಡು ಪ್ರಶ್ನೆ. ನನ್ನ ಪುಣ್ಯ. ಈ ವರ್ಷದ ಹುಡುಗಿಯರು ಭಾಳ ಚುರುಕು.